ಮೊದಲ ಓದಿನ ಮೋಹ: ಮಕ್ಕಳ ರಕ್ಷಣೆಯ ಚರಿತ್ರೆಯಿಂದ ಒಂದು ಪಾಠ

(ಬಾನುಲಿ ಭಾಷಣ)

ಒಂದು ಮಗು ತನ್ನ ಮನೆಯಲ್ಲಿಯೇ, ತನ್ನವರ ಕೈಯಿಂದಲೇ ಹಿಂಸೆಗೊಳಗಾಗಿ ಸತ್ತಿತೆಂಬ ಸುದ್ದಿ ಬಂದಾಗ ಲೋಕ ಎರಡು ಪ್ರಶ್ನೆಗಳನ್ನು ಕೇಳುತ್ತದೆ. ಕೊಂದವರು ಯಾರು ಎಂಬುದು ಮೊದಲನೆಯದು. ಅದಕ್ಕೆ ನ್ಯಾಯಾಲಯ ಉತ್ತರ ಹೇಳುತ್ತದೆ. ಆ ಮಗುವಿನ ಯೋಗಕ್ಷೇಮವನ್ನು ನೋಡಿಕೊಳ್ಳಬೇಕಾಗಿದ್ದ ಅಧಿಕಾರಿಗಳು, ವೈದ್ಯರು, ಉಪಾಧ್ಯಾಯರು ಆವರೆಗೆ ಏನು ಮಾಡುತ್ತಿದ್ದರು ಎಂಬುದು ಎರಡನೆಯದು. ಇದಕ್ಕೆ ಉತ್ತರ ಹೇಳುವುದು ಅಷ್ಟು ಸುಲಭವಲ್ಲ. ಏಕೆಂದರೆ ಅವರಲ್ಲಿ ಬಹುಮಂದಿ ದುಷ್ಟರೂ ಅಲ್ಲ, ಸೋಮಾರಿಗಳೂ ಅಲ್ಲ. ಅವರು ಮನೆಗೆ ಹೋಗಿದ್ದರು, ಮಾತನಾಡಿಸಿದ್ದರು, ಕಡತದಲ್ಲಿ ಬರೆದಿಟ್ಟಿದ್ದರು. ಆದರೂ ಎದುರಿಗಿದ್ದುದನ್ನು ಕಾಣಲಿಲ್ಲ. ಕಣ್ಣಿದ್ದೂ ಕಾಣದಂತೆ ಮಾಡಿದ್ದು ಯಾವುದು? ಈ ಪ್ರಶ್ನೆಯನ್ನು ಇಂದು ತಮ್ಮ ಮುಂದಿಡಲು ಬಯಸುತ್ತೇನೆ.

ಬ್ರಿಟನ್ನಿನಲ್ಲಿ ಒಂದು ಸಂಪ್ರದಾಯವುಂಟು. ಇಂಥ ದುರಂತ ನಡೆದಾಗ ಸರ್ಕಾರವೋ ಸ್ಥಳೀಯ ಆಡಳಿತವೋ ವಿಚಾರಣಾ ಸಮಿತಿಯೊಂದನ್ನು ನೇಮಿಸುತ್ತದೆ. ಅದು ಸಾಕ್ಷಿಗಳನ್ನು ಕರೆಸಿ, ಕಡತಗಳನ್ನು ತರಿಸಿ, ಯಾವ ದಿನ ಯಾರು ಏನು ಕಂಡರು, ಏನೆಂದು ತಿಳಿದರು, ಏನು ಮಾಡಿದರು ಎಂಬುದನ್ನು ದಾಖಲಿಸಿ ವರದಿಯನ್ನು ಪ್ರಕಟಿಸುತ್ತದೆ. ಹೀಗೆ ಅರ್ಧ ಶತಮಾನಕ್ಕೂ ಮಿಕ್ಕು ಕಾಲದಲ್ಲಿ ಸಂಗ್ರಹವಾದ ವರದಿಗಳನ್ನು ಮನುಷ್ಯಬುದ್ಧಿ ಎಡವುವ ಬಗೆಗಳ ಚರಿತ್ರೆಯೆಂದೇ ಓದಬಹುದು. ನಾನು ಕನ್ನಡದ ಅಧ್ಯಾಪಕನಾಗಿದ್ದವನು. ಹಳೆಯ ಕಾವ್ಯಗಳ ಓಲೆಪ್ರತಿಗಳನ್ನು ಹೋಲಿಸಿ ಸರಿಯಾದ ಪಾಠವಾವುದೆಂದು ನಿರ್ಣಯಿಸುವ ಶಾಸ್ತ್ರವನ್ನು ವಿದ್ಯಾರ್ಥಿಗಳಿಗೆ ಹೇಳಿಕೊಟ್ಟವನು. ಆ ದೃಷ್ಟಿಯಿಂದ ಈ ಚರಿತ್ರೆಯನ್ನು ನೋಡಿದಾಗ ನನಗೆ ಕಂಡದ್ದನ್ನು ಮಾತ್ರ ಹೇಳುತ್ತೇನೆ.

ಕಥೆಯನ್ನು ೧೯೪೫ರಿಂದ ಆರಂಭಿಸಬಹುದು. ಆ ವರ್ಷದ ಜನವರಿ ೯ರಂದು ಇಂಗ್ಲೆಂಡಿನ ಶ್ರಾಪ್‌ಷೈರ್ ಪ್ರಾಂತದ ಒಂದು ಹೊಲಮನೆಯಲ್ಲಿ ಡೆನಿಸ್ ಓನೀಲ್ ಎಂಬ ಹನ್ನೆರಡು ವರ್ಷದ ಹುಡುಗ ಏಟು ತಿಂದು, ಹೊಟ್ಟೆಗಿಲ್ಲದೆ ಸತ್ತ. ಅವನನ್ನೂ ಅವನ ತಮ್ಮನನ್ನೂ ವೇಲ್ಸಿನ ನ್ಯೂಪೋರ್ಟ್ ನಗರಸಭೆ ಅಲ್ಲಿಗೆ ಸಾಕಲು ಕಳುಹಿಸಿತ್ತು. ಮಕ್ಕಳನ್ನು ಕಳುಹಿಸಿದ ಊರಿನವರು ಅವರಿರುವ ಊರಿನವರು ನೋಡಿಕೊಳ್ಳುತ್ತಾರೆಂದು ತಿಳಿದರು. ಅವರಿರುವ ಊರಿನವರು ಕಳುಹಿಸಿದವರದೇ ಹೊಣೆಯೆಂದು ತಿಳಿದರು. ಸರ್ ವಾಲ್ಟರ್ ಮಾಂಕ್ಟನ್ ನಡೆಸಿದ ವಿಚಾರಣೆಯಿಂದ ಈ ಸಂಗತಿ ಹೊರಬಿತ್ತು. ೧೯೪೮ರ ಮಕ್ಕಳ ಕಾನೂನು ಬರುವುದಕ್ಕೆ ಈ ಹುಡುಗನ ಸಾವೂ ಒಂದು ಕಾರಣ. ರೇಡಿಯೋ ಕೇಳುಗರಿಗೆ ಇನ್ನೊಂದು ಸಂಗತಿ ಕುತೂಹಲವೆನಿಸಬಹುದು. ಅಗಾಥಾ ಕ್ರಿಸ್ಟಿ ೧೯೪೭ರಲ್ಲಿ ಬಿ.ಬಿ.ಸಿ.ಗಾಗಿ ಬರೆದ ಬಾನುಲಿ ನಾಟಕಕ್ಕೆ ಈ ಘಟನೆಯೇ ಪ್ರೇರಣೆ. ಅದೇ ಮುಂದೆ ೧೯೫೨ರಲ್ಲಿ ‘ದಿ ಮೌಸ್‌ಟ್ರ್ಯಾಪ್’ ಎಂಬ ರಂಗನಾಟಕವಾಗಿ ಬೆಳೆಯಿತು.

ಓನೀಲನ ಪ್ರಸಂಗದಲ್ಲಿ ಕಂಡದ್ದು ವ್ಯವಸ್ಥೆಯ ಲೋಪ. ಕಾನೂನಿನಿಂದ, ಇಲಾಖೆಯಿಂದ ಅದನ್ನು ತಿದ್ದಬಹುದೆಂದು ಜನ ನಂಬಿದರು. ಆ ನಂಬಿಕೆಯನ್ನು ಅಲುಗಿಸಿದ್ದು ಮರಿಯಾ ಕೋಲ್ವೆಲ್ ಎಂಬ ಬಾಲಕಿಯ ಸಾವು.

ಮರಿಯಾ ಹುಟ್ಟಿದ್ದು ೧೯೬೫ರಲ್ಲಿ. ಹಸುಗೂಸಾಗಿದ್ದಾಗಿನಿಂದ ಸೋದರತ್ತೆಯ ಮನೆಯಲ್ಲಿ ಮಗಳಂತೆ ಬೆಳೆದಳು. ಅಷ್ಟರಲ್ಲಿ ಹೆತ್ತ ತಾಯಿ ಇನ್ನೊಬ್ಬನೊಡನೆ ಸಂಸಾರ ಹೂಡಿದ್ದಳು. ಮಗಳು ತನಗೆ ಬೇಕೆಂದಳು. ಹುಡುಗಿ ಅತ್ತಳು, ಹೋಗಲಾರೆನೆಂದು ಹಟ ಹಿಡಿದಳು. ಆದರೂ ೧೯೭೧ರಲ್ಲಿ ಅವಳನ್ನು ಬ್ರೈಟನ್ನಿನಲ್ಲಿದ್ದ ತಾಯಿಯ ಮನೆಗೆ ಕಳುಹಿಸಲಾಯಿತು. ೧೯೭೩ರ ಜನವರಿಯಲ್ಲಿ, ಎಂಟು ವರ್ಷ ತುಂಬುವ ಮೊದಲೇ, ಮಲತಂದೆಯ ಹೊಡೆತಕ್ಕೆ ಸಿಕ್ಕಿ ಅವಳು ಸತ್ತಳು. ನೆರೆಯವರು ದೂರು ಕೊಟ್ಟಿದ್ದರು. ಶಾಲೆಯ ಉಪಾಧ್ಯಾಯಿನಿ ಆತಂಕ ವ್ಯಕ್ತಪಡಿಸಿದ್ದರು. ಸಮಾಜ ಕಾರ್ಯಕರ್ತೆಯರು ಮನೆಗೆ ಹೋಗಿ ಬರುತ್ತಿದ್ದರು.

ಹಾಗಿದ್ದರೂ ಹೀಗೇಕಾಯಿತು? ಮಗು ಹೆತ್ತವಳ ಬಳಿಯಿರುವುದೇ ಸಹಜ ಎಂಬ ನಂಬಿಕೆ ಆ ಕಾಲದ ಕಾನೂನಿನಲ್ಲಿಯೂ ಇತ್ತು, ವೃತ್ತಿಯಲ್ಲಿಯೂ ಇತ್ತು. ಹೆತ್ತ ಕರುಳಿನ ಮಾತು ಬಂದಾಗ ನಾವೂ ಹಾಗೆಯೇ ತಲೆಬಾಗುವವರಲ್ಲವೇ? ಆ ನಂಬಿಕೆ ತಪ್ಪೆಂದು ಹೇಳಲಾಗದು. ಬಹುತೇಕ ಮಕ್ಕಳ ವಿಷಯದಲ್ಲಿ ಅದು ನಿಜವೂ ಹೌದು. ಆದರೆ ನಂಬಿಕೆ ಒಮ್ಮೆ ಆಸನವೇರಿದ ಮೇಲೆ ಬಂದ ಸಾಕ್ಷ್ಯವೆಲ್ಲ ಅದರ ಓಲಗಕ್ಕೆ ನಿಲ್ಲತೊಡಗಿತು. ಹುಡುಗಿಯ ಅಳು ಹೊಸ ಮನೆಗೆ ಹೊಂದಿಕೊಳ್ಳುವಾಗಿನ ತಾತ್ಕಾಲಿಕ ಸಂಕಟವೆನಿಸಿತು. ಭಯದ ಲಕ್ಷಣವಾಗಬಹುದಾಗಿದ್ದದ್ದು ಹೊಂದಾಣಿಕೆಯ ಲಕ್ಷಣವಾಯಿತು. ೧೯೭೪ರಲ್ಲಿ ಪ್ರಕಟವಾದ ವಿಚಾರಣಾ ವರದಿ ಒಬ್ಬರಿಗೆ ತಿಳಿದದ್ದು ಇನ್ನೊಬ್ಬರಿಗೆ ತಲುಪದೆ ಹೋದದ್ದನ್ನು ಎತ್ತಿ ತೋರಿಸಿತು. ಆ ಸಮಿತಿಯಲ್ಲಿ ಸದಸ್ಯೆಯಾಗಿದ್ದ ಪ್ರಾಧ್ಯಾಪಕಿ ಆಲಿವ್ ಸ್ಟೀವನ್ಸನ್ ತಮ್ಮ ಭಿನ್ನಮತವನ್ನು ಪ್ರತ್ಯೇಕವಾಗಿ ಬರೆದು ದಾಖಲಿಸಿದರು. ಒಂದೇ ಸಾಕ್ಷ್ಯವನ್ನು ಕೇಳಿದ ವಿವೇಕಿಗಳು ಕೂಡ ಬೇರೆ ಬೇರೆ ನಿಲುವಿಗೆ ಬರಬಹುದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಹತ್ತು ವರ್ಷಗಳ ಬಳಿಕ, ೧೯೮೪ರ ಜುಲೈ ತಿಂಗಳಲ್ಲಿ, ಲಂಡನ್ನಿನ ಬ್ರೆಂಟ್ ಪ್ರದೇಶದಲ್ಲಿ ಜಾಸ್ಮಿನ್ ಬೆಕ್‌ಫರ್ಡ್ ಎಂಬ ನಾಲ್ಕು ವರ್ಷದ ಮಗು ಮಲತಂದೆಯ ಹಿಂಸೆಯಿಂದ ಸತ್ತಿತು. ಇಲ್ಲಿಯ ಸಂದರ್ಭ ಇನ್ನೂ ಗಂಭೀರವಾದದ್ದು. ೧೯೮೧ರಲ್ಲಿಯೇ ಜಾಸ್ಮಿನ್ ಮತ್ತು ಅವಳ ತಂಗಿ ಮೂಳೆ ಮುರಿದು ಆಸ್ಪತ್ರೆ ಸೇರಿದ್ದರು. ನ್ಯಾಯಾಲಯ ಇಬ್ಬರನ್ನೂ ಆಡಳಿತದ ಪಾಲನೆಗೆ ಒಪ್ಪಿಸಿತ್ತು. ಸಾಕುಮನೆಯಲ್ಲಿ ಕೆಲವು ತಿಂಗಳಿದ್ದ ಮೇಲೆ ೧೯೮೨ರಲ್ಲಿ ಪರೀಕ್ಷಾರ್ಥವಾಗಿ ಅವರನ್ನು ಮನೆಗೆ ಕಳುಹಿಸಿದರು. ಅಂದರೆ ಜಾಸ್ಮಿನ್ ಸತ್ತ ದಿನದಂದೂ ಕಾನೂನಿನ ದೃಷ್ಟಿಯಲ್ಲಿ ಅವಳ ಪಾಲನೆಯ ಹೊಣೆ ಆಡಳಿತದ್ದಾಗಿತ್ತು. ಸಮಾಜ ಕಾರ್ಯಕರ್ತೆ ಮನೆಗೆ ಹೋಗುತ್ತಲೇ ಇದ್ದರು. ಆದರೆ ಕೊನೆಯ ಹತ್ತು ತಿಂಗಳಲ್ಲಿ ಅವರು ಆ ಮಗುವನ್ನು ಕಂಡದ್ದು ಒಂದೇ ಒಂದು ಸಲ. ೧೯೮೩ರ ಸೆಪ್ಟೆಂಬರಿನಿಂದ ಮಗು ಶಿಶುವಿಹಾರಕ್ಕೆ ಹೋಗುವುದೂ ನಿಂತಿತ್ತು. ಸತ್ತಾಗ ಅದರ ತೂಕ ೨೩ ಪೌಂಡು, ಎಂದರೆ ಹತ್ತೂವರೆ ಕಿಲೋದಷ್ಟು.

ಸರ್ ಲೂಯಿ ಬ್ಲಾಮ್-ಕೂಪರ್ ಅವರ ಅಧ್ಯಕ್ಷತೆಯ ಸಮಿತಿ ೧೯೮೫ರಲ್ಲಿ ವರದಿ ಕೊಟ್ಟಿತು. ಅದಕ್ಕೆ ಎರಡು ವರ್ಷ ಮೊದಲು, ೧೯೮೩ರಲ್ಲಿ, ಡಿಂಗ್‌ವಾಲ್, ಈಕೆಲಾರ್ ಮತ್ತು ಮರ‍್ರೆ ಎಂಬ ಮೂವರು ವಿದ್ವಾಂಸರು ಇಂಥ ಕೆಲಸದಲ್ಲಿರುವವರ ಮನೋಧರ್ಮವನ್ನು ಕುರಿತು ಪುಸ್ತಕ ಬರೆದು, ಅದರಲ್ಲಿ ಆಶಾವಾದದ ನಿಯಮ ಎಂಬ ಮಾತನ್ನು ಬಳಕೆಗೆ ತಂದಿದ್ದರು. ತಂದೆತಾಯಿಗಳ ನಡತೆಗೆ ಎರಡು ವಿವರಣೆ ಸಾಧ್ಯವಿದ್ದಾಗ ಒಳ್ಳೆಯದನ್ನೇ ಆಯ್ದುಕೊಳ್ಳುವ ಒಲವು ಅದು. ಬ್ಲಾಮ್-ಕೂಪರ್ ಸಮಿತಿ ಬ್ರೆಂಟಿನಲ್ಲಿ ಕಂಡದ್ದು ಇದನ್ನೇ. ಕಾರ್ಯಕರ್ತೆಯರ ಅಕ್ಕರೆಯೆಲ್ಲ ಕಷ್ಟದಿಂದ ಮೇಲೇಳುತ್ತಿರುವ ದಂಪತಿಗಳ ಕಡೆಗೆ ಹರಿಯಿತು. ಮನೆ ಚೊಕ್ಕಟವಾಗಿದೆ, ಗಂಡಹೆಂಡಿರು ಮರ್ಯಾದೆಯಿಂದ ಮಾತನಾಡುತ್ತಾರೆ, ಸಂಸಾರ ಸುಧಾರಿಸುತ್ತಿದೆ ಎಂಬ ಚಿತ್ರ ಪೂರ್ಣವಾಗುತ್ತ ಹೋದಂತೆ ಆ ಚಿತ್ರದೊಳಗಿಂದ ಮಗುವೇ ಮಾಯವಾಯಿತು.

ಈ ವರದಿಯಾದ ಮೇಲೆ ದೇಶದಲ್ಲೆಲ್ಲ ಎಚ್ಚರ ಹೆಚ್ಚಿತು. ಹೆಚ್ಚಿದ ಎಚ್ಚರ ಸರಿಯಾದ ವಿಚಾರಕ್ಕೆ ಸಮಾನವೇ? ಇದಕ್ಕೆ ಉತ್ತರ ೧೯೮೭ರಲ್ಲಿ ಈಶಾನ್ಯ ಇಂಗ್ಲೆಂಡಿನ ಕ್ಲೀವ್‌ಲೆಂಡ್ ಪ್ರಾಂತದಲ್ಲಿ ದೊರೆಯಿತು. ಅಲ್ಲಿಯ ಮಿಡಲ್ಸ್‌ಬರೋ ಆಸ್ಪತ್ರೆಯಲ್ಲಿ ಕೆಲವೇ ತಿಂಗಳಲ್ಲಿ ೧೨೧ ಮಕ್ಕಳು ಲೈಂಗಿಕ ಹಿಂಸೆಗೆ ಒಳಗಾಗಿದ್ದಾರೆಂದು ಇಬ್ಬರು ಮಕ್ಕಳ ವೈದ್ಯರು ನಿರ್ಣಯಿಸಿದರು. ಈ ನಿರ್ಣಯಗಳಲ್ಲಿ ದೇಹಪರೀಕ್ಷೆಯ ಒಂದು ಲಕ್ಷಣಕ್ಕೆ ಬಹಳ ತೂಕ ದೊರೆತಿತ್ತು. ಆ ಲಕ್ಷಣ ಯಾವ ಹಿಂಸೆಗೂ ಒಳಗಾಗದ ಸಾಮಾನ್ಯ ಮಕ್ಕಳಲ್ಲಿ ಎಷ್ಟರಮಟ್ಟಿಗೆ ಕಾಣುತ್ತದೆಂಬ ಲೆಕ್ಕ ಆಗ ಯಾರ ಬಳಿಯೂ ಇರಲಿಲ್ಲ. ಮಕ್ಕಳನ್ನು ಮನೆಗಳಿಂದ ಬೇರ್ಪಡಿಸಿದರು. ಕೆಲವರನ್ನು ನಡುರಾತ್ರಿಯಲ್ಲಿ ಎಬ್ಬಿಸಿ ಪರೀಕ್ಷಿಸಿದರು. ಕೊನೆಗೆ ಆ ಮಕ್ಕಳಲ್ಲಿ ಬಹುಪಾಲು ತಮ್ಮ ಮನೆಗಳಿಗೆ ಮರಳಿದರು. ನ್ಯಾಯಾಧೀಶೆ ಎಲಿಜಬೆತ್ ಬಟ್ಲರ್-ಸ್ಲಾಸ್ ಅವರ ೧೯೮೮ರ ವರದಿ ಮಗುವನ್ನು ಕಾಳಜಿಯ ವಸ್ತುವೆಂದಲ್ಲ, ಒಬ್ಬ ವ್ಯಕ್ತಿಯೆಂದು ಕಾಣಬೇಕೆಂದು ನೆನಪಿಸಿತು. ಮರುವರ್ಷ ಹೊಸ ಮಕ್ಕಳ ಕಾನೂನು ಬಂದಿತು.

ಬ್ರೆಂಟಿನಲ್ಲಿ ನಂಬಿಕೆ ಅತಿಯಾಯಿತು, ಕ್ಲೀವ್‌ಲೆಂಡಿನಲ್ಲಿ ಸಂಶಯ ಅತಿಯಾಯಿತು ಎಂದು ಸಾಮಾನ್ಯವಾಗಿ ಹೇಳುವುದುಂಟು. ನನಗೆ ಅವೆರಡೂ ಒಂದೇ ರೋಗದ ಎರಡು ಮುಖಗಳಾಗಿ ಕಾಣುತ್ತವೆ. ಎರಡು ಕಡೆಯೂ ಒಂದು ಅಭಿಪ್ರಾಯ ಮೊದಲು ನೆಲೆಗೊಂಡಿತು. ಆಮೇಲೆ ಅದನ್ನು ಕೆಡಹಬಲ್ಲ ಸಾಕ್ಷ್ಯವನ್ನು ಯಾರೂ ಹುಡುಕಲಿಲ್ಲ. ಆದ್ದರಿಂದ ‘ಇನ್ನಷ್ಟು ನಂಬಿ’ ಎಂಬ ಉಪದೇಶವೂ ‘ಇನ್ನಷ್ಟು ಸಂಶಯಪಡಿ’ ಎಂಬ ಉಪದೇಶವೂ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಲಂಡನ್ನಿನಲ್ಲಿ ಅಧ್ಯಾಪಕಿಯಾಗಿದ್ದ ಐಲೀನ್ ಮನ್ರೊ ಅವರು ೧೯೭೩ರಿಂದ ೧೯೯೪ರವರೆಗೆ ಬ್ರಿಟನ್ನಿನಲ್ಲಿ ಪ್ರಕಟವಾದ ೪೫ ವಿಚಾರಣಾ ವರದಿಗಳನ್ನು ಒಟ್ಟಾಗಿ ಪರಿಶೀಲಿಸಿ ೧೯೯೯ರಲ್ಲಿ ಒಂದು ಲೇಖನ ಪ್ರಕಟಿಸಿದರು. ಅವರು ಕಂಡುಕೊಂಡದ್ದನ್ನು ನನ್ನ ಮಾತಿನಲ್ಲಿ ಹೇಳುವುದಾದರೆ ಹೀಗೆ: ವೃತ್ತಿಯವರು ಆಧಾರವಾಗಿಟ್ಟುಕೊಂಡ ಸಾಕ್ಷ್ಯ ಬಹಳ ಕಿರಿದು. ಕೈಗೆ ಸುಲಭವಾಗಿ ಸಿಕ್ಕಿದ್ದನ್ನು ಅವರು ಗಣಿಸಿದರು. ಇನ್ನೊಬ್ಬರ ಬಳಿಯಿದ್ದುದನ್ನು ಕೇಳಿ ತಿಳಿಯಲಿಲ್ಲ. ಕಣ್ಣಿಗೆ ಕಟ್ಟುವಂಥದು, ಮನಸ್ಸನ್ನು ಕಲಕುವಂಥದು, ಮೊಟ್ಟಮೊದಲು ಕೇಳಿದ್ದು, ತೀರ ಈಚೆಗೆ ಕೇಳಿದ್ದು ಇವು ಮನಸ್ಸಿನಲ್ಲಿ ಉಳಿದವು. ಸಪ್ಪೆಯಾದದ್ದು, ಹಳೆಯ ಕಡತದಲ್ಲಿದ್ದದ್ದು ಮರೆಯಾಯಿತು. ತಮ್ಮ ಅಭಿಪ್ರಾಯಕ್ಕೆ ಹೊಂದುವ ಮಾತನ್ನು ಪರೀಕ್ಷೆಯಿಲ್ಲದೆ ಒಳಗೆ ಬಿಟ್ಟುಕೊಂಡರು. ಹೊಂದದ ಮಾತನ್ನು ಬಾಗಿಲಲ್ಲೇ ನಿಲ್ಲಿಸಿ ವಿಚಾರಿಸಿದರು. ಎಲ್ಲಕ್ಕಿಂತ ಮುಖ್ಯವಾಗಿ, ವಿರುದ್ಧವಾದ ಸಾಕ್ಷ್ಯ ರಾಶಿಬಿದ್ದರೂ ಮೊದಲ ನಿರ್ಣಯವನ್ನು ಬದಲಿಸಲು ಬಹಳ ತಡಮಾಡಿದರು.

ಈ ತಪ್ಪುಗಳು ಆಕಸ್ಮಿಕವಲ್ಲ, ಮನುಷ್ಯಬುದ್ಧಿಯ ಸ್ವಭಾವವನ್ನು ಬಲ್ಲವರು ಮುಂಗಾಣಬಹುದಾದಂಥವು ಎಂಬುದು ಮನ್ರೊ ಅವರ ವಾದದ ತಿರುಳು. ಇದು ಹೊಸ ತಿಳಿವಳಿಕೆಯೇನೂ ಅಲ್ಲ. ಒಮ್ಮೆ ಒಪ್ಪಿದ ಅಭಿಪ್ರಾಯದ ಕಡೆಗೇ ಬುದ್ಧಿ ಉಳಿದುದನ್ನೆಲ್ಲ ಎಳೆದುಕೊಳ್ಳುತ್ತದೆಂದು ಫ್ರಾನ್ಸಿಸ್ ಬೇಕನ್ ೧೬೨೦ರಲ್ಲಿಯೇ ಬರೆದಿದ್ದ. ೧೯೬೦ರಲ್ಲಿ ಪೀಟರ್ ವಾಸನ್ ಎಂಬ ಮನೋವಿಜ್ಞಾನಿ ಅದನ್ನು ಒಂದು ಆಟದಂಥ ಪ್ರಯೋಗದಿಂದ ತೋರಿಸಿದರು. ಎರಡು, ನಾಲ್ಕು, ಆರು ಎಂಬ ಸಂಖ್ಯೆಗಳು ಒಂದು ನಿಯಮಕ್ಕೆ ಒಳಪಟ್ಟಿವೆ. ನೀವೂ ಮೂರು ಮೂರು ಸಂಖ್ಯೆಗಳನ್ನು ಹೇಳುತ್ತ ಹೋಗಿ, ಅವು ನಿಯಮಕ್ಕೆ ಹೊಂದುತ್ತವೆಯೇ ಇಲ್ಲವೇ ಎಂದು ತಿಳಿಸುತ್ತೇನೆ, ಅದರಿಂದ ನಿಯಮವನ್ನು ಊಹಿಸಿ ಎಂದರು. ಎರಡೆರಡಾಗಿ ಏರುವ ಸಂಖ್ಯೆಗಳೆಂದು ಬಹಳ ಮಂದಿ ಮೊದಲೇ ನಿಶ್ಚಯಿಸಿಕೊಂಡರು. ಎಂಟು, ಹತ್ತು, ಹನ್ನೆರಡು ಎಂದರು. ಹೌದು ಎಂಬ ಉತ್ತರ ಬಂತು. ಇಪ್ಪತ್ತು, ಇಪ್ಪತ್ತೆರಡು, ಇಪ್ಪತ್ತನಾಲ್ಕು ಎಂದರು. ಮತ್ತೆ ಹೌದು ಎಂಬ ಉತ್ತರ ಬಂತು. ಗೆದ್ದೆವೆಂದುಕೊಂಡರು. ನಿಜವಾದ ನಿಯಮ ಅಷ್ಟೊಂದು ಬಿಗಿಯಾದದ್ದಲ್ಲ. ಒಂದಕ್ಕಿಂತ ಒಂದು ದೊಡ್ಡದಾಗಿದ್ದರೆ ಸಾಕಾಗಿತ್ತು. ಒಂದು, ಏಳು, ತೊಂಬತ್ತು ಎಂದು ಒಮ್ಮೆ ಹೇಳಿ ನೋಡಿದ್ದರೆ ತಮ್ಮ ಊಹೆ ಮುರಿದುಬೀಳುತ್ತಿತ್ತು. ಮುರಿಯಬಹುದಾದ ಪ್ರಶ್ನೆಯನ್ನು ಕೇಳಲು ಮನಸ್ಸು ಹಿಂಜರಿಯುತ್ತದೆ. ಸಂಖ್ಯೆಗಳ ಆಟದಲ್ಲಿ ಇದರಿಂದ ಯಾರಿಗೂ ಕೇಡಿಲ್ಲ. ಮಗುವಿನ ಪ್ರಾಣ ಪಣವಾಗಿರುವಲ್ಲಿ ಹಾಗಲ್ಲ.

ಇಲ್ಲಿ ಗ್ರಂಥಸಂಪಾದನೆಯ ಮಾತು ನೆನಪಾಗುತ್ತದೆ. ಒಬ್ಬ ಲಿಪಿಕಾರ ಮೂಲದ ಒಂದಕ್ಷರವನ್ನು ತಪ್ಪಾಗಿ ಓದಿ ಬರೆಯುತ್ತಾನೆ. ಅವನ ಪ್ರತಿಯನ್ನು ನೋಡಿ ಇನ್ನೊಬ್ಬ ಬರೆಯುತ್ತಾನೆ, ಅದನ್ನು ನೋಡಿ ಮತ್ತೊಬ್ಬ. ಕೊನೆಗೆ ಹತ್ತು ಪ್ರತಿಗಳಲ್ಲಿ ಒಂದೇ ಪಾಠ ದೊರೆಯುತ್ತದೆ. ಅನನುಭವಿ ಇದನ್ನು ಹತ್ತು ಸಾಕ್ಷಿಗಳೆಂದು ಎಣಿಸುತ್ತಾನೆ. ಬಲ್ಲವನು ಅವೆಲ್ಲ ಒಂದೇ ತಪ್ಪು ಪ್ರತಿಯ ಸಂತಾನವೆಂದೂ, ಹತ್ತಿದ್ದರೂ ಒಂದೇ ಸಾಕ್ಷಿಯೆಂದೂ ಅರಿಯುತ್ತಾನೆ. ಮನ್ರೊ ಅವರ ಲೇಖನ ಪ್ರಕಟವಾದ ವರ್ಷದಲ್ಲಿಯೇ ಲಂಡನ್ನಿನಲ್ಲಿ ಆರಂಭವಾದ ಒಂದು ದಾರುಣ ಕಥೆಯನ್ನು ಅರ್ಥಮಾಡಿಕೊಳ್ಳಲು ನನಗೆ ಇದಕ್ಕಿಂತ ಒಳ್ಳೆಯ ಕೀಲಿಕೈ ದೊರೆಯಲಿಲ್ಲ.

ವಿಕ್ಟೋರಿಯಾ ಕ್ಲಿಂಬಿಯೆ ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್ ದೇಶದ ಹುಡುಗಿ. ಒಳ್ಳೆಯ ವಿದ್ಯೆ ದೊರೆಯಲೆಂದು ತಂದೆತಾಯಿಗಳು ಅವಳನ್ನು ಬಂಧುವೊಬ್ಬಳ ಕೈಗೆ ಒಪ್ಪಿಸಿ ಯೂರೋಪಿಗೆ ಕಳುಹಿಸಿದರು. ಆ ಹೆಂಗಸು ಹುಡುಗಿಯ ತಂದೆಗೆ ಅತ್ತೆಯ ವರಸೆಯವಳು. ಬೇರೊಂದು ಮಗುವಿನ ಹೆಸರಿನ ಪಾಸ್‌ಪೋರ್ಟಿನಲ್ಲಿ ಪ್ರಯಾಣ ಮಾಡಿ, ಫ್ರಾನ್ಸಿನಲ್ಲಿ ಕೆಲಕಾಲವಿದ್ದು, ೧೯೯೯ರ ಏಪ್ರಿಲಿನಲ್ಲಿ ವಿಕ್ಟೋರಿಯಾ ಲಂಡನ್ನಿಗೆ ಬಂದಳು. ಅಧಿಕಾರಿಗಳಿಗೆ ಅವಳ ನಿಜವಾದ ಹೆಸರೂ ತಿಳಿಯದು, ಅನ್ನಾ ಎಂದೇ ದಾಖಲೆ.

ಜುಲೈ ತಿಂಗಳಲ್ಲಿ ಮೈಮೇಲೆ ಗಾಯಗಳಿದ್ದ ಅವಳನ್ನು ಸೆಂಟ್ರಲ್ ಮಿಡಲ್‌ಸೆಕ್ಸ್ ಆಸ್ಪತ್ರೆಗೆ ಕರೆತಂದರು. ಮೊದಲು ಪರೀಕ್ಷಿಸಿದ ವೈದ್ಯರು ಯಾರೋ ಬೇಕೆಂದೇ ಮಾಡಿದ ಗಾಯಗಳಿರಬೇಕೆಂದು ಶಂಕಿಸಿದರು. ಪೊಲೀಸರ ರಕ್ಷಣೆಯೂ ದೊರೆಯಿತು. ಅಂದೇ ಹಿರಿಯ ತಜ್ಞರೊಬ್ಬರು ನೋಡಿ, ಇವು ಕಜ್ಜಿಯ ಗುರುತುಗಳು ಎಂದರು. ಮರುದಿನ ರಕ್ಷಣೆ ತೆಗೆಯಲಾಯಿತು, ಹುಡುಗಿ ಆ ಹೆಂಗಸಿನೊಡನೆ ಹೊರಟುಹೋದಳು. ಎರಡು ವಾರದೊಳಗೆ ತಲೆಗೂ ಮುಖಕ್ಕೂ ಬಿಸಿನೀರು ಬಿದ್ದು ಸುಟ್ಟ ಗಾಯಗಳಿಂದ ನಾರ್ತ್ ಮಿಡಲ್‌ಸೆಕ್ಸ್ ಆಸ್ಪತ್ರೆಗೆ ಬಂದಳು. ಕಜ್ಜಿಯ ತುರಿಕೆ ತಾಳಲಾರದೆ ತಾನೇ ಬಿಸಿನೀರು ಸುರಿದುಕೊಂಡಳೆಂದು ಆ ಹೆಂಗಸು ಹೇಳಿದಳು. ನೋಡಿ, ಮೊದಲ ಪ್ರತಿಯ ಪಾಠ ಎರಡನೆಯ ಪ್ರತಿಯಲ್ಲಿ ಹೊಸ ಅರ್ಥವನ್ನೇ ಹುಟ್ಟಿಸಿತು. ಒಂದು ತಪ್ಪು ನಿದಾನ ಮುಂದಿನ ಗಾಯಕ್ಕೆ ಕಾರಣವನ್ನು ಒದಗಿಸಿಕೊಟ್ಟಿತು. ಅಷ್ಟಕ್ಕೇ ನಿಲ್ಲಲಿಲ್ಲ. ಮನೆಯನ್ನು ಹೋಗಿ ನೋಡಬೇಕಾಗಿದ್ದ ಸಮಾಜ ಕಾರ್ಯಕರ್ತೆಯೂ ಪೊಲೀಸ್ ಅಧಿಕಾರಿಯೂ ಕಜ್ಜಿ ಅಂಟೀತೆಂಬ ಭಯದಿಂದ ಹೋಗದೆ ಉಳಿದರು. ಆ ಒಂದು ಪದ ಗಾಯಕ್ಕೆ ವಿವರಣೆಯಾಯಿತು, ಸುಟ್ಟದ್ದಕ್ಕೆ ನೆಪವಾಯಿತು, ಬಾಗಿಲಿಗೆ ಬೀಗವಾಯಿತು.

ಭಿನ್ನಪಾಠಗಳು ಇರಲಿಲ್ಲವೆಂದಲ್ಲ. ಮೊದಲ ವೈದ್ಯರ ಶಂಕೆ ಇತ್ತು. ಎರಡನೆಯ ಆಸ್ಪತ್ರೆಯ ದಾದಿಯರು ಮೈಮೇಲಿನ ಗುರುತುಗಳನ್ನು ಕಂಡಿದ್ದರು. ಆದರೆ ಅವರು ಕಂಡದ್ದೆಲ್ಲ ಕಡತಕ್ಕೆ ಏರಲಿಲ್ಲ. ಆ ಹೆಂಗಸು ಬಂದಾಗ ಹುಡುಗಿ ನೆಟ್ಟಗೆ ನಿಂತುಬಿಡುತ್ತಿದ್ದಳು, ಭಯದಿಂದ ಬಟ್ಟೆ ಒದ್ದೆಮಾಡಿಕೊಂಡದ್ದೂ ಉಂಟು. ಅವರಿಬ್ಬರ ಸಂಬಂಧ ಒಡತಿಗೂ ಆಳಿಗೂ ಇರುವಂಥದೆಂದು ದಾದಿಯೊಬ್ಬರಿಗೆ ಅನ್ನಿಸಿತ್ತು. ಸಮಾಜ ಕಾರ್ಯಕರ್ತೆಗೆ ಅದು ಆ ಜನಾಂಗದವರು ಹಿರಿಯರಿಗೆ ತೋರುವ ಗೌರವವೆಂದು ತೋರಿತು. ಗುರುಹಿರಿಯರ ಮುಂದೆ ಕೈಕಟ್ಟಿ ನಿಲ್ಲುವ ಮಗುವನ್ನು ವಿನಯಶೀಲವೆಂದು ಹೊಗಳುವ ನಾವು ಈ ಮಾತನ್ನು ಗಮನಿಸಬೇಕು. ವಿಕ್ಟೋರಿಯಾಳ ತಂದೆತಾಯಿಗಳು ವಿಚಾರಣೆಯ ಮುಂದೆ ಬಂದಾಗ, ತಮ್ಮ ಮನೆಯಲ್ಲಿ ಮಗಳು ಎಂದೂ ಹಾಗೆ ನಿಲ್ಲಬೇಕಾಗಿರಲಿಲ್ಲವೆಂದು ತಿಳಿಸಿದರು. ಪರರ ಸಂಸ್ಕೃತಿಯನ್ನು ಗೌರವಿಸಿದೆವೆಂಬ ಭಾವನೆ ಅಲ್ಲಿ ಪ್ರಶ್ನೆ ಕೇಳದೆ ಇರುವುದಕ್ಕೆ ಸಭ್ಯವಾದ ನೆಪವಾಗಿತ್ತು.

೨೦೦೦ದ ಫೆಬ್ರವರಿ ೨೫ರಂದು ವಿಕ್ಟೋರಿಯಾ ಸತ್ತಾಗ ಅವಳಿಗೆ ಎಂಟು ವರ್ಷ. ಮೈಮೇಲೆ ೧೨೮ ಗಾಯಗಳನ್ನು ಎಣಿಸಿದರು. ಲಾರ್ಡ್ ಲ್ಯಾಮಿಂಗ್ ಅವರ ವಿಚಾರಣಾ ವರದಿ ೨೦೦೩ರಲ್ಲಿ ಬಂದಿತು. ಕಡೆಯ ಪಕ್ಷ ಹನ್ನೆರಡು ಸಂದರ್ಭಗಳಲ್ಲಿ ಅವಳನ್ನು ಉಳಿಸಬಹುದಾಗಿತ್ತೆಂದು ಹೇಳಿ, ೧೦೮ ಶಿಫಾರಸುಗಳನ್ನು ಮಾಡಿತು.

ಈ ಕಥೆಯ ಇನ್ನೊಂದು ಅಂಶ ನಮ್ಮ ಶಾಸ್ತ್ರಕಾರರನ್ನು ನೆನಪಿಗೆ ತರುತ್ತದೆ. ಕೊನೆಯ ವಾರಗಳಲ್ಲಿ ಕಾರ್ಯಕರ್ತೆ ಮನೆಯ ಬಾಗಿಲು ತಟ್ಟಿದರು. ಒಳಗಿನಿಂದ ಉತ್ತರ ಬರಲಿಲ್ಲ. ಊರು ಬಿಟ್ಟು ಹೋಗಿರಬೇಕೆಂದು ಭಾವಿಸಲಾಯಿತು. ಕುಮಾರಿಲಭಟ್ಟನ ಮೀಮಾಂಸೆಯಲ್ಲಿ ಅನುಪಲಬ್ಧಿಯೆಂಬುದು ಪ್ರಮಾಣಗಳಲ್ಲೊಂದು. ಕಾಣದಿರುವುದರಿಂದ ಇಲ್ಲವೆಂದು ತಿಳಿಯುವ ಬಗೆ ಅದು. ಆದರೆ ಅದಕ್ಕೊಂದು ಕಟ್ಟುಪಾಡುಂಟು. ವಸ್ತು ಅಲ್ಲಿದ್ದಿದ್ದರೆ ಕಂಡೇ ಕಾಣುತ್ತಿತ್ತು ಎಂಬಂಥ ಸನ್ನಿವೇಶವಿದ್ದಾಗ ಮಾತ್ರ ಕಾಣದಿರುವುದು ಇಲ್ಲದಿರುವುದಕ್ಕೆ ಪ್ರಮಾಣ. ಬೆಳಕಿರುವ ಕೋಣೆಯಲ್ಲಿ ಮಡಕೆ ಕಾಣದಿದ್ದರೆ ಮಡಕೆ ಇಲ್ಲ. ಕತ್ತಲ ಕೋಣೆಯಲ್ಲಿ ಕಾಣದಿದ್ದರೆ ಅದರಿಂದ ಏನನ್ನೂ ಹೇಳಲಾಗದು. ಮುಚ್ಚಿದ ಬಾಗಿಲು, ಕೋಣೆಯೊಳಗೆ ಮಲಗಿದೆಯೆಂದು ಹೇಳಿ ತೋರಿಸದ ಮಗು, ಯಾರೂ ದೂರು ಕೊಡದ ತಿಂಗಳು, ಇವೆಲ್ಲ ಕತ್ತಲ ಕೋಣೆಗಳು. ಬ್ರೆಂಟಿನಲ್ಲಿಯೂ ಹೀಗೆಯೇ ಆಯಿತು. ಕೆಡುಕು ಕಾಣಲಿಲ್ಲವೆಂಬುದು ಕೆಡುಕಿಲ್ಲವೆಂದಾಯಿತು.

ಇಷ್ಟು ಹೇಳಿದ ಮೇಲೆ ಆ ಕಾರ್ಯಕರ್ತೆಯರ ಪರವಾಗಿಯೂ ಎರಡು ಮಾತನ್ನು ಹೇಳುವುದು ನ್ಯಾಯ. ಕೊನೆ ತಿಳಿದ ಮೇಲೆ ಕಥೆಯನ್ನು ಹಿಂದಿನಿಂದ ಓದುವವನಿಗೆ ಎಲ್ಲ ಸೂಚನೆಗಳೂ ಢಾಳಾಗಿ ಕಾಣುತ್ತವೆ. ೧೯೭೫ರಲ್ಲಿ ಬರೂಕ್ ಫಿಶ್‌ಹಾಫ್ ಎಂಬ ವಿದ್ವಾಂಸರು ಇದನ್ನು ಪರೀಕ್ಷಿಸಿದರು. ಆ ಪರೀಕ್ಷೆಗೆ ೧೮೧೪ರಲ್ಲಿ ಬ್ರಿಟಿಷರಿಗೂ ಗೂರ್ಖರಿಗೂ ಆರಂಭವಾದ ಯುದ್ಧದ ವೃತ್ತಾಂತವನ್ನು ಬಳಸಿಕೊಂಡದ್ದು ನಮಗೆ ಸ್ವಾರಸ್ಯದ ಸಂಗತಿ. ಒಂದು ಗುಂಪಿಗೆ ಬ್ರಿಟಿಷರು ಗೆದ್ದರೆಂದರು, ಇನ್ನೊಂದಕ್ಕೆ ಗೂರ್ಖರು ಗೆದ್ದರೆಂದರು. ತಮಗೆ ಯಾವ ಫಲವನ್ನು ಹೇಳಲಾಗಿತ್ತೋ ಅದೇ ಹೆಚ್ಚು ಸಂಭವನೀಯವಾಗಿತ್ತೆಂದು ಓದುಗರಿಗೆ ತೋರಿತು. ವಿಚಾರಣಾ ಸಮಿತಿಗಳೂ, ಪತ್ರಿಕೆಗಳೂ, ಈ ಭಾಷಣವನ್ನು ಕೇಳುತ್ತಿರುವ ನಾವೂ ಈ ಓದುಗರ ಹಾಗೆಯೇ. ಮೊದಲ ಓದಿನ ಮೋಹದಂತೆ ಕೊನೆಯ ಪುಟದ ಮೋಹವೂ ಒಂದುಂಟು.

ಎರಡನೆಯದು ಲೆಕ್ಕದ ಮಾತು. ತಿಳಿವಳಿಕೆಗಾಗಿ ಒಂದು ಊಹೆಯ ಲೆಕ್ಕ ಹಾಕೋಣ. ಹತ್ತು ಸಾವಿರ ಮನೆಗಳಿವೆ, ಅವುಗಳಲ್ಲಿ ನೂರರಲ್ಲಿ ಮಗುವಿಗೆ ಅಪಾಯವಿದೆ ಎನ್ನಿ. ನೂರು ಅಪಾಯದ ಮನೆಗಳಲ್ಲಿ ತೊಂಬತ್ತನ್ನು ಸರಿಯಾಗಿ ಗುರುತಿಸಿ, ಉಳಿದ ಮನೆಗಳಲ್ಲಿ ಹತ್ತಕ್ಕೊಂದರಂತೆ ಸುಳ್ಳು ಎಚ್ಚರಿಕೆ ಕೊಡುವ ಒಂದು ಲಕ್ಷಣ ದೊರೆಯಿತೆನ್ನಿ. ಇದು ಬಹಳ ಒಳ್ಳೆಯ ಲಕ್ಷಣವೆಂದೇ ನಾವು ಹೇಳುತ್ತೇವೆ. ಆದರೆ ೯,೯೦೦ ನಿರಪಾಯದ ಮನೆಗಳಲ್ಲಿ ೯೯೦ ಮನೆಗಳ ಮೇಲೆ ಸುಳ್ಳು ಸಂಶಯ ಬೀಳುತ್ತದೆ. ಒಟ್ಟು ೧,೦೮೦ ಎಚ್ಚರಿಕೆಗಳಲ್ಲಿ ನಿಜವಾದದ್ದು ೯೦, ಎಂದರೆ ಹನ್ನೆರಡಕ್ಕೆ ಒಂದು. ಕ್ಲೀವ್‌ಲೆಂಡಿನಂಥ ಪ್ರಸಂಗ ಹೇಗೆ ಸಾಧ್ಯವೆಂಬುದು ಈ ಲೆಕ್ಕದಿಂದ ತಿಳಿಯುತ್ತದೆ. ಈ ಕೆಲಸದಲ್ಲಿ ತಪ್ಪೇ ಆಗದಂತೆ ಮಾಡುವ ಉಪಾಯವಿಲ್ಲ. ಆದ ತಪ್ಪನ್ನು ಬೇಗ ಕಂಡು ತಿದ್ದಿಕೊಳ್ಳುವುದೊಂದೇ ಉಳಿದ ದಾರಿ.

ಆ ದಾರಿಗೆ ಅಡ್ಡ ನಿಲ್ಲುವುದು ಯಾವುದೆಂದರೆ, ವಿಚಿತ್ರವಾಗಿ ಕಂಡರೂ, ನಮ್ಮ ಸಾತ್ವಿಕ ಕೋಪ. ಮರಿಯಾಳ ವಿಚಾರಣೆ ನಡೆದಾಗ ಸಮಾಜ ಕಾರ್ಯಕರ್ತೆಯನ್ನು ಜನ ಮೂದಲಿಸಿದರು. ಜಾಸ್ಮಿನಳ ಕಾರ್ಯಕರ್ತೆ ಕೆಲಸ ಕಳೆದುಕೊಂಡರು. ಕರ್ತವ್ಯಲೋಪಕ್ಕೆ ಶಿಕ್ಷೆ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಅಭಿಪ್ರಾಯ ಬದಲಿಸಿದರೆ ಹಿಂದಿನದು ತಪ್ಪೆಂದು ಒಪ್ಪಿದಂತಾಗುತ್ತದೆ, ಒಪ್ಪಿದರೆ ಕುತ್ತಿಗೆಗೆ ಬರುತ್ತದೆ ಎಂಬ ಭಯವಿರುವಲ್ಲಿ ಯಾರು ತಾನೆ ಅಭಿಪ್ರಾಯ ಬದಲಿಸಿಯಾರು? ಲಾರ್ಡ್ ಲ್ಯಾಮಿಂಗ್ ವರದಿಯ ಬಳಿಕ ನಿಯಮಗಳೂ ನಮೂನೆಗಳೂ ಬೆಳೆದವು. ೨೦೧೦ರಲ್ಲಿ ಬ್ರಿಟಿಷ್ ಸರ್ಕಾರ ಐಲೀನ್ ಮನ್ರೊ ಅವರನ್ನೇ ಇಡೀ ವ್ಯವಸ್ಥೆಯ ಪರಿಶೀಲನೆಗೆ ನೇಮಿಸಿತು. ೨೦೧೧ರ ವರದಿಯಲ್ಲಿ ಅವರು, ವಿಧಿಯನ್ನು ಪಾಲಿಸಿದೆವೇ ಎಂಬ ಚಿಂತೆ ಬೆಳೆದು, ಮಗುವಿಗೆ ಒಳ್ಳೆಯದಾಯಿತೇ ಎಂಬ ಚಿಂತೆ ಹಿಂದೆ ಬಿದ್ದಿದೆಯೆಂದು ಎಚ್ಚರಿಸಿದರು. ನಮೂನೆ ತುಂಬುವ ಕೈಗೆ ಮಗುವಿನೊಡನೆ ಕುಳಿತು ಮಾತನಾಡಲು ಬಿಡುವು ಬೇಕಲ್ಲವೇ?

ಈ ಚರಿತ್ರೆ ದೂರ ದೇಶದ್ದು. ಆದರೆ ಇಂಥದೇ ತೀರ್ಮಾನಗಳನ್ನು ಇಂದು ನಮ್ಮ ಜಿಲ್ಲೆಗಳಲ್ಲಿಯೂ ಮಾಡಲಾಗುತ್ತಿದೆ. ೨೦೧೫ರ ಬಾಲನ್ಯಾಯ ಕಾನೂನಿನ ಪ್ರಕಾರ ರಕ್ಷಣೆ ಬೇಕಾದ ಮಕ್ಕಳ ವಿಷಯವನ್ನು ಮಕ್ಕಳ ಕಲ್ಯಾಣ ಸಮಿತಿ ನಿರ್ಣಯಿಸುತ್ತದೆ. ಅಧ್ಯಕ್ಷರೊಬ್ಬರು, ಸದಸ್ಯರು ನಾಲ್ವರು. ಸಂಸ್ಥೆಯಲ್ಲಿಡುವುದು ಕೊನೆಯ ಉಪಾಯ, ಆದಷ್ಟು ಕುಟುಂಬಕ್ಕೇ ಮರಳಿಸಬೇಕು ಎಂಬುದು ಆ ಕಾನೂನಿನ ತತ್ತ್ವಗಳಲ್ಲೊಂದು. ತತ್ತ್ವ ಯೋಗ್ಯವಾದದ್ದೇ. ಆದರೆ ಮರಿಯಾಳನ್ನು ತಾಯಿಯ ಮನೆಗೆ ಕಳುಹಿಸಿದ್ದೂ ಒಂದು ಯೋಗ್ಯವಾದ ತತ್ತ್ವವೇ. ತತ್ತ್ವ ದಾರಿ ತೋರಬಹುದು. ಈ ಮಗು, ಈ ಮನೆ, ಈ ವಾರ ಹೇಗಿದೆಯೆಂಬುದನ್ನು ಹೋಗಿ ಕಾಣಬೇಕಾದವರು ಮನುಷ್ಯರೇ.

ಹಾಗಾದರೆ ಏನು ಮಾಡಬಹುದು? ದೊಡ್ಡ ಸಲಹೆಗಳನ್ನು ಕೊಡುವ ಯೋಗ್ಯತೆ ನನ್ನದಲ್ಲ. ಗ್ರಂಥ ಸಂಪಾದಕ ತನ್ನ ಆಯ್ಕೆಯ ಪಾಠವನ್ನು ಮೇಲೆ ಅಚ್ಚುಮಾಡಿದರೂ ಪುಟದ ಕೆಳಗೆ ಪಾಠಾಂತರಗಳನ್ನು ತಪ್ಪದೆ ಕೊಡುತ್ತಾನೆ. ನಾಳೆ ಬರುವ ಓದುಗ ತನ್ನನ್ನು ತಿದ್ದಲು ಬೇಕಾದ ಸಾಮಗ್ರಿಯನ್ನು ತಾನೇ ಒದಗಿಸುತ್ತಾನೆ. ಮಗುವಿನ ಕಡತದಲ್ಲಿಯೂ ಹಾಗೆಯೇ, ತೀರ್ಮಾನದ ಕೆಳಗೆ ಅದಕ್ಕೆ ಹೊಂದದೆ ಉಳಿದ ಸಂಗತಿಗಳು ಇರಬೇಕು. ಈ ತೀರ್ಮಾನ ತಪ್ಪಾಗಿದ್ದರೆ ಅದು ಯಾವುದರಿಂದ ತಿಳಿದೀತು ಎಂಬ ಒಂದು ಸಾಲು ಇರಬೇಕು. ಮುಂದಿನ ಭೇಟಿಯಲ್ಲಿ ಹೋದವರು ಆ ಸಾಲನ್ನು ಓದಿಕೊಂಡು ಹೋಗಬೇಕು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂಬ ನಮ್ಮ ಗಾದೆ ಕಾಣದವರಿಗೆ ಹೇಳಿದ್ದಲ್ಲ, ಕಂಡೆನೆಂದು ನೆಮ್ಮದಿಯಾಗಿ ಕುಳಿತವರಿಗೆ ಹೇಳಿದ್ದು.

ಹೇಳಿದ ಮಾತಿಗೆ ಕಟ್ಟುಬೀಳುವವನನ್ನು ದೃಢಚಿತ್ತನೆಂದು ಹೊಗಳುವುದು, ಅಭಿಪ್ರಾಯ ಬದಲಿಸಿದವನನ್ನು ಚಂಚಲನೆಂದು ಹಳಿಯುವುದು ನಮ್ಮಲ್ಲಿ ರೂಢಿ. ಬೇರೆ ಕಡೆ ಈ ರೂಢಿಗೆ ಬೆಲೆಯಿರಬಹುದು. ಮಕ್ಕಳ ವಿಷಯದಲ್ಲಿ ಅದು ತಲೆಕೆಳಗಾಗಬೇಕು. ನಿನ್ನೆ ನಾನು ಬರೆದದ್ದು ತಪ್ಪಿರಬಹುದು, ಇಂದು ಇನ್ನೊಮ್ಮೆ ಹೋಗಿ ಮಗುವನ್ನೇ ನೋಡಿ ಬರುತ್ತೇನೆ ಎನ್ನಬಲ್ಲ ಕಾರ್ಯಕರ್ತೆಯನ್ನು ಅವಳ ಕಚೇರಿ ಗೌರವಿಸಬೇಕು, ಸಮಾಜವೂ ಗೌರವಿಸಬೇಕು. ಆ ಇನ್ನೊಂದು ಭೇಟಿಗೆ ಅವಳಿಗೆ ಸಮಯವನ್ನೂ ಕೊಡಬೇಕು.